ಮಿಕ್ಕದ್ದೆಲ್ಲ ಇದ್ದ ಹಾಗೇ ಇದ್ದರೆ

ಇವತ್ತು ಮಾತ್ರ ‘ತಿಳೀತು’ ಅನ್ನಬಾರದು ಎಂದು, ಮೊರದ ತುಂಬ ಹುರುಳಿ ಸುರಿದುಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂರುವಾಗಲೇ ಚನ್ನಮಲ್ಲಮ್ಮ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಹುರುಳಿಯೂ ಕಲ್ಲೂ ಒಂದೇ ಬಣ್ಣ. ಕಣ್ಣಿಗಿಂತ ಬೆರಳಿಗೇ ಬೇಗ ಗೊತ್ತಾಗುವ ಕೆಲಸ. ಇವತ್ತು ಬೆರಳೂ ತಡವರಿಸುತ್ತಿತ್ತು. ಒಳಗೆ ಬಚ್ಚಲಲ್ಲಿ ಮೇಷ್ಟ್ರು ಉಂಡ ಕೈ ತೊಳೆಯುವ ಸದ್ದು ಕೇಳಿಸಿತು, ತಂಬಿಗೆ ಕೆಳಗಿಟ್ಟ ಸದ್ದು, ಒಂದು ಗಳಿಗೆ ಏನೂ ಇಲ್ಲ, ಆಮೇಲೆ ತಂಬಿಗೆ ಎತ್ತಿ ಅದೇ ಕೈಯನ್ನು ಮತ್ತೆ ತೊಳೆಯುವ ಸದ್ದು. ಎದ್ದು ಹೋಗಿ ‘ತೊಳೆದಾಯ್ತು, ಬನ್ನಿ’ ಅನ್ನಬೇಕು ಅನ್ನಿಸಿತು. ಹಾಗೆ ಅಂದಾಗ ಆ ಮುಖ ಏನಾಗುತ್ತದೆ ಅನ್ನುವುದು ನೆನಪಾಗಿ ಕೂತೇ ಇದ್ದಳು. ಎದುರು ಸಾಲಿನ ಹೆಂಚುಗಳ ಮೇಲೆ ಮಧುಗಿರಿಯ ಬೆಟ್ಟ ಕವುಚಿಹಾಕಿದ ಕೊಪ್ಪರಿಗೆಯ ಹಾಗೆ ಬಿಸಿಲಿಗೆ ಕಾಯುತ್ತ ಬಿದ್ದಿತ್ತು. ಇನ್ನೇನು ಈಚೆಗೆ ಬರುತ್ತಾರೆ. ಬಂದು ಬೆಂಚಿನ ಮೇಲೆ ಕೂತು, ಪುಸ್ತಕ ತೆಗೆದು, ಓದಿ, ‘ಅಂದರೆ’ ಅನ್ನುತ್ತಾರೆ. ಆಮೇಲೆ ಅವಳ ಮುಖ ನೋಡುತ್ತಾರೆ.

ಊರೆಲ್ಲ ಮಹಾಲಿಂಗಯ್ಯ ಮೇಷ್ಟ್ರು ಅನ್ನುವ ಗಂಡನನ್ನು ಅವಳೂ ಮನಸ್ಸಿನಲ್ಲಿ ಮೇಷ್ಟ್ರು ಎಂದೇ ಅಂದುಕೊಳ್ಳುತ್ತಿದ್ದಳು. ಹೈಸ್ಕೂಲಿನ ಕೆಲಸ ಮುಗಿದು ಪಿಂಚಣಿ ಬಂದಿತ್ತು, ಪುಸ್ತಕದ ಕೆಲಸ ಮುಗಿದಿರಲಿಲ್ಲ. ಸಂಪತ್ತು ಎಲ್ಲಿ ಹುಟ್ಟುತ್ತದೆ, ಯಾರ ಕೈ ದಾಟಿ ಯಾರ ಕೈ ಸೇರುತ್ತದೆ ಎಂದು ಇಂಗ್ಲೆಂಡಿನ ಯಾವನೋ ಪ್ರೊಫೆಸರು ಬರೆದ ದಪ್ಪನೆಯ ಪುಸ್ತಕ. ಅದನ್ನು ಕನ್ನಡಕ್ಕೆ ತಂದುಕೊಟ್ಟರೆ ಅಚ್ಚು ಹಾಕಿಸುತ್ತೇವೆ ಅಂತ ಮೈಸೂರಿನ ಒಂದು ವಿದ್ವಾಂಸರ ಸಮಿತಿ ಒಪ್ಪಿಕೊಂಡಿತ್ತು. ಆ ಇಂಗ್ಲಿಷೋ, ನೇರವಾಗಿ ಹೋಗಿ ಬಾಗಿಲು ತಟ್ಟುವ ಜಾಯಮಾನದ್ದಲ್ಲ. ಇದು ಹೀಗಲ್ಲವೆಂದು ಖಂಡಿತವಾಗಿ ಹೇಳಲಾಗದಿದ್ದರೂ ಎಂದು ಹಿತ್ತಲಿಂದ ಹೊರಟು, ಅಷ್ಟರಮಟ್ಟಿಗೆ ಎಂಬ ನಿಬಂಧನೆಗೆ ಒಳಪಟ್ಟು ಎಂದು ಬೇಲಿ ಸುತ್ತಿ, ಅರ್ಧ ಪುಟ ನಡೆದ ಮೇಲೆ ಹೇಳಬೇಕಾದ ಒಂದು ಮಾತನ್ನು ಪಿಸುಗುಟ್ಟಿ ಹೋಗುವ ಇಂಗ್ಲಿಷು. ಮೇಷ್ಟ್ರು ಅದನ್ನು ಮೊದಲು ಇದ್ದ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಅವಳಿಗೆ ಅದು ಮಾರಿಗುಡಿಯ ತಮಟೆಯಷ್ಟೇ ಅರ್ಥ. ಓದಿ, ಕನ್ನಡಕ ಹಣೆಗೇರಿಸಿ, ‘ಅಂದರೆ’ ಅನ್ನುತ್ತಿದ್ದರು. ಆ ಅಂದರೆ ದಾಟಿದ ಮೇಲೆ ಬರುವುದು ಮನೆಯ ಕನ್ನಡ. ಅವಳಿಗೆ ತಿಳಿಯದಿದ್ದರೆ ತಲೆ ಅಲ್ಲಾಡಿಸಬೇಕು. ಅಲ್ಲಾಡಿಸಿದರೆ ಇನ್ನೊಂದು ಅಂದರೆ, ಮತ್ತೊಂದು ಅಂದರೆ, ಭತ್ತ ಕುಟ್ಟಿ ಕೇರಿ ಮತ್ತೆ ಕುಟ್ಟಿದ ಹಾಗೆ. ಕೊನೆಗೆ ಅವಳು ‘ತಿಳೀತು’ ಅಂದಾಗಲೇ ಆ ವಾಕ್ಯ ಹಾಳೆಗೆ ಇಳಿಯಬೇಕು. ಚನ್ನಿಗೆ ತಿಳಿದರೆ ಸಂಸ್ಥಾನಕ್ಕೇ ತಿಳಿದ ಹಾಗೆ, ಅನ್ನುತ್ತಿದ್ದರು. ಬೇರೆ ಮನೆಯ ಗಂಡಸರು ಹೆಂಡತಿಯ ಕೈಗೆ ಬಳೆ ಹಾಕಿಸಿ ಹಿಗ್ಗುತ್ತಿದ್ದರೆ ಇವರು ಹೆಂಡತಿಯ ದಡ್ಡತನವನ್ನು ಎಲ್ಲರಿಗೂ ತೋರಿಸಿ ಹಿಗ್ಗುತ್ತಿದ್ದರು. ಅದರಲ್ಲಿ ಪ್ರೀತಿ ಇರಲಿಲ್ಲ ಅನ್ನಲು ಅವಳಿಗೆ ಬಾಯಿ ಬಾರದು.

ಪಾವಗಡದ ಸ್ಕೂಲಿನಲ್ಲಿದ್ದಾಗ ಒಂದು ಮಾತು ದಿನಗಟ್ಟಲೆ ಅವರನ್ನು ಕಾಡಿತ್ತು. ಅದರ್ ಥಿಂಗ್ಸ್ ಬೀಯಿಂಗ್ ಈಕ್ವಲ್. ಬೇಸಿಗೆ, ಆಚೆ ಬೀದಿಯಲ್ಲಿ ತೆಲುಗಿನ ಹೆಂಗಸರು ನೀರಿಗೆ ಜಗಳವಾಡುತ್ತಿದ್ದರು. ಇವರು ಪಡಸಾಲೆಯ ಉದ್ದಕ್ಕೂ ತಿರುಗುತ್ತ ಅದೇ ನಾಲ್ಕು ಮಾತನ್ನು ಜಪಿಸುತ್ತಿದ್ದರು. ಇತರ ವಸ್ತುಗಳು ಸಮಾನವಾಗಿರಲಾಗಿ ಎಂದು ಬರೆಯುವರು, ಹೊಡೆದುಹಾಕುವರು. ಅವಳು ಅವತ್ತು ಮುದ್ದೆ ಕೈಗೆ ಅಂಟುತ್ತಿದ್ದುದಕ್ಕೆ ಸಿಡುಕುತ್ತ, ಒಲೆ ಅದೇ, ಸೌದೆ ಅದೇ, ನೀರೂ ಅದೇ, ಹಿಟ್ಟೊಂದು ಹೊಸದು, ಎಲ್ಲ ಹಿಟ್ಟಿನದೇ ಐಬು ಎಂದು ತನ್ನಷ್ಟಕ್ಕೆ ಅಂದುಕೊಂಡದ್ದು ಕೇಳಿಸಿತೋ ಏನೋ, ಮೇಷ್ಟ್ರು ಹೊಸಿಲ ಮೇಲೆ ಬಂದು ನಿಂತಿದ್ದರು. ಇನ್ನೊಂದು ಸಲ ಹೇಳು ಅಂದರು. ಅವಳಿಗೆ ಬೈದರೇನೋ ಅನ್ನಿಸಿತ್ತು. ಮಿಕ್ಕದ್ದೆಲ್ಲ ಇದ್ದ ಹಾಗೇ ಇದ್ದು ಒಂದು ಮಾತ್ರ ಬೇರೆಯಾದರೆ ಏನಾಗುತ್ತದೆ, ಅದನ್ನೇ ಕಣೇ ಅವನು ಹೇಳೋದು, ಎಂದು ಆ ಅಂಟಿದ ಮುದ್ದೆಯನ್ನೇ ಇನ್ನೊಂದು ಹಾಕಿಸಿಕೊಂಡು ಉಂಡಿದ್ದರು. ಆಗ ಅವರ ತಲೆಗೂದಲು ಕಪ್ಪಗಿತ್ತು. ಉಣ್ಣುತ್ತಾ ನಗುತ್ತಿದ್ದರು. ಈಗಲೂ ಮುದ್ದೆಯ ಕೋಲು ಅದೇ. ಪಾವಗಡದಿಂದ ಗಾಡಿಯಲ್ಲಿ ಹೇರಿಕೊಂಡು ಬಂದ ಬೆಂಚೂ ಅದೇ.

ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಚನ್ನಮಲ್ಲಮ್ಮ ಬಾಗಿಲ ಕಡೆ ಕಿವಿ ಇಟ್ಟು ಕಲ್ಲು ಎಂದು ಹುರುಳಿಯನ್ನೇ ಅಂಗಳಕ್ಕೆ ಎಸೆದಳು.

ನಿನ್ನೆ ಪರ್ವತಯ್ಯ ಬಂದಿದ್ದ. ಮೇಷ್ಟ್ರ ಶಿಷ್ಯ, ಈಗ ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳುವವನು, ಆ ಸಮಿತಿಯಲ್ಲೂ ಒಬ್ಬ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನ ಮೇಲೆ ಓಡುವ ಬಸ್ಸು ಕೊರಟಗೆರೆಯ ಏರಿನಲ್ಲಿ ನಿಂತು, ಜನ ಇಳಿದು ನೂಕಿ, ಊಟದ ಹೊತ್ತು ಮೀರಿ ಬಂದು ಸೇರಿತ್ತು. ಅವನ ಬಿಳೀ ಕೋಟಿನ ಮೇಲೆಲ್ಲ ಮಸಿ. ಕಂಕುಳಲ್ಲಿ ಬಟ್ಟೆ ಸುತ್ತಿದ ಕಟ್ಟು. ಅದರ ಗಾತ್ರ ನೋಡಿಯೇ ಅವಳಿಗೆ ಏನೆಂದು ಗೊತ್ತಾಯಿತು, ಮೇಷ್ಟ್ರ ಹಾಳೆಗಳನ್ನು ಕಟ್ಟಿ ಟಪ್ಪಾಲಿಗೆ ಕೊಟ್ಟವಳು ಅವಳೇ. ಮೇಷ್ಟ್ರು ಎದ್ದು ನಿಂತು ಬಾರಯ್ಯ ದೊಡ್ಡರಂಗಪ್ಪ ಎಂದು ಬರಮಾಡಿಕೊಂಡರು. ಪರ್ವತಯ್ಯ ತಿದ್ದಲಿಲ್ಲ. ಊಟ ಆಗುವತನಕ ದೊಡ್ಡರಂಗಪ್ಪನಾಗಿಯೇ ಕೂತಿದ್ದು, ಸಿರಾದ ಸಂತೆಯ ದರ, ಸಾಹೇಬರ ಇನ್ಸ್ಪೆಕ್ಷನ್ನು, ಯಾವಾಗಲೋ ಸತ್ತುಹೋದ ಹೆಡ್ಮಾಸ್ಟರು, ಎಲ್ಲಕ್ಕೂ ಹೂಂಗುಟ್ಟಿದ. ಸೋಮವಾರದ ಬಸ್ಸಿಗೆ ತಾನೇ ಮೈಸೂರಿಗೆ ಬಂದು ಸಮಿತಿಯ ಮುಂದೆ ಉಳಿದ ಭಾಗವನ್ನು ಓದಿ ಹೇಳುವುದಾಗಿ ಮೇಷ್ಟ್ರು ಅಂದಾಗ ಮಾತ್ರ ಅವನ ಕೈಯ ತುತ್ತು ತಟ್ಟೆಯಲ್ಲೇ ನಿಂತಿತು. ಮೇಷ್ಟ್ರು ಒರಗಿ ಕಣ್ಣು ಮುಚ್ಚಿದ ಮೇಲೆ ಅವನು ಅಡುಗೆಮನೆಯ ಹೊಸಿಲಿಗೆ ಬಂದು ಕೂತ.

ಸಮಿತಿಯವರು ಹೀಗೆ ಅಭಿಪ್ರಾಯಪಟ್ಟಿದ್ದಾರೆ ಎಂದು ಅವನು ಶುರುಮಾಡಿದ. ಗಣನೀಯ ಪ್ರಮಾಣದ ಪರಿಷ್ಕರಣಕ್ಕೆ ಒಳಪಡದ ಹೊರತು ಸದ್ಯದ ರೂಪದಲ್ಲಿ ಪರಿಶೀಲನೆಗೆ ಅರ್ಹವೆಂದು ಭಾವಿಸಲು ಸಾಧ್ಯವಾಗದಿರುವುದರಿಂದ, ಅಂದ. ಗಂಡಸು ಪಾಪ ಬೆವರುತ್ತಿದ್ದ. ಅವಳು ಒಲೆಯ ಮುಂದಿನ ಬೂದಿ ಬಳಿಯುತ್ತ ಅಂದರೆ ಎಂದು ಕೇಳಿದಳು. ಅವನು ಮತ್ತೆ ಅದನ್ನೇ ಬೇರೆ ಕಡೆಯಿಂದ ಸುತ್ತಿಕೊಂಡು ಬಂದ.

“ಬ್ಯಾಡ ಅಂದ್ರು ಅಂತ ತಾನೇನಪ್ಪಾ?”

“ಬೇಡ ಅಂದ್ರು, ಅಮ್ಮಾವ್ರೇ.”

ಆಮೇಲೆ ಅವನು ಕಟ್ಟು ಬಿಚ್ಚಿದ. ಕಾಗದ ಸಿಗದ ದಿನ, ಮೇಷ್ಟ್ರು ಹಳೇ ಪರೀಕ್ಷೆಯ ಉತ್ತರಪತ್ರಿಕೆಗಳ ಬೆನ್ನ ಮೇಲೆ ಬರೆದಿದ್ದರು. ಒಂದು ಮಗ್ಗುಲಿಗೆ ಯಾರ‍್ಯಾರದೋ ಹುಡುಗರ ತಪ್ಪು ಲೆಕ್ಕ, ಇನ್ನೊಂದು ಮಗ್ಗುಲಿಗೆ ಮುತ್ತಿನಂಥ ಅಕ್ಷರದ ಕನ್ನಡ. ಮೊದಲ ಅಧ್ಯಾಯಗಳು ಚಿನ್ನ ಅಮ್ಮಾವ್ರೇ, ಅಂದ, ಇಷ್ಟು ತಿಳಿಯಾದ ಕನ್ನಡವನ್ನು ನಮ್ಮಲ್ಲಿ ಯಾರೂ ಬರೆಯಲಾರರು. ಆದರೆ ಇಲ್ಲಿಂದ ಈಚೆಗೆ, ಎಂದು ಒಂದು ಹಾಳೆ ಎತ್ತಿಕೊಟ್ಟ. ಅವಳಿಗೆ ಓದಲು ಬರುವುದಿಲ್ಲ ಎಂದು ತಾನು ತಿಳಿದದ್ದನ್ನು ಮರೆತು ಕೊಟ್ಟನೋ, ತಾನೇ ಓದಲಾರದೆ ಕೊಟ್ಟನೋ. ಅವಳು ಅದನ್ನು ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು. ಕೂಲಿಯ ದರವು ಏರಿದಲ್ಲಿ ಬೇಡಿಕೆಯು ಹುಣಸೆಹಣ್ಣು ತೀರಿಹೋಗಿದೆ ಎಂಬಷ್ಟರಮಟ್ಟಿಗೆ, ಹೊನ್ನಕ್ಕ ಇನ್ನೂ ಮೊಸರು ತರದ ಕಾರಣ, ಉತ್ಪಾದಕರು ಬಾಗಿಲು ಮುಂದೆ ಮಾಡಿಕೊಳ್ಳತಕ್ಕದ್ದು. ಹುಣಸೆಹಣ್ಣು ತೀರಿದೆ ಅಂದವಳು ಅವಳು. ಬಾಗಿಲು ಮುಂದೆ ಮಾಡಿ ಅಂದವಳೂ ಅವಳೇ. ಅವಳು ಒಳಗಿಂದ ಆಡಿದ ಮಾತೆಲ್ಲ ಬಂದು ಪ್ರೊಫೆಸರನ ವಾಕ್ಯದೊಳಗೆ ಕೂತುಬಿಟ್ಟಿದ್ದವು, ಕರೆಯದೆ ಬಂದ ನೆಂಟರ ಹಾಗೆ, ಕಾಲು ಚಾಚಿಕೊಂಡು. ಪರ್ವತಯ್ಯ ಅವಳು ಓದಿದ್ದನ್ನೇ ನೋಡುತ್ತಿದ್ದ. ಆಮೇಲೆ ಮುನ್ನುಡಿಯ ಹಾಳೆ ಅವಳ ಕೈಗೆ ಬಂತು. ಅಕ್ಷರವರಿಯದ ನನ್ನ ಮನೆಯವರು ತಿಳಿಯಿತು ಎಂದು ಹೇಳಿದ ಮೇಲಲ್ಲದೆ ಈ ಗ್ರಂಥದ ಒಂದು ವಾಕ್ಯವನ್ನೂ ನಾನು ಬರೆದಿಟ್ಟಿಲ್ಲ. ಇದನ್ನು ಸಮಿತಿಯಲ್ಲಿ ಓದಿದಾಗ ಒಂದಿಬ್ಬರು, ಎಂದು ಹೇಳಹೊರಟ ಪರ್ವತಯ್ಯ ಅರ್ಧಕ್ಕೆ ನಾಲಗೆ ಕಚ್ಚಿಕೊಂಡ. ನಕ್ಕರು ಅನ್ನುವುದನ್ನು ಅವಳೇ ಕೂಡಿಸಿಕೊಂಡಳು. ಮೈಸೂರಿನಲ್ಲಿ, ದೊಡ್ಡ ದೊಡ್ಡ ಪೇಟದವರು ಕೂತ ಕಡೆ, ತಾನು ಹೋಗಿ ಕುಕ್ಕರುಗಾಲಲ್ಲಿ ಕೂತು ತಿಳೀತು, ತಿಳೀತು ಅನ್ನುತ್ತಿರುವ ಹಾಗೆ ಕಂಡಿತು.

“ನಿಮಗೆ ಗೊತ್ತಾಗ್ಲಿಲ್ವಾ, ಅಮ್ಮಾವ್ರೇ?”

“ನಂಗೆ ತಿಳೀದೆ ಇರೋದು ಏನ್ ಹೊಸದಾಪ್ಪಾ? ತಿಳೀಲಿಲ್ಲ ಅಂದ್ರೆ ನಂದೇ ತಪ್ಪು ಅನ್ಕೊಂಡ್ಬುಟ್ಟೆ.”

ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ ಅನ್ನುವುದು ನಿನ್ನೆಯಿಂದ ಹೊಟ್ಟೆಯೊಳಗೆ ಬೇಯದ ಕಾಳಿನ ಹಾಗೆ ಕೂತಿತ್ತು. ವಾಕ್ಯಗಳು ಮೊದಮೊದಲು ದಾರಿ ತಪ್ಪಿದಾಗ, ಪ್ರೊಫೆಸರು ಇನ್ನೂ ಆಳಕ್ಕೆ ಇಳಿದಿದ್ದಾನೆ, ಅಲ್ಲಿಗೆ ನನ್ನ ಹಗ್ಗ ಮುಟ್ಟುವುದಿಲ್ಲ ಎಂದು ನಿಜವಾಗಿಯೇ ಅಂದುಕೊಂಡಿದ್ದಳು. ಕಳ್ಳಂಬೆಳ್ಳದ ಕೆರೆ ಏರಿಯ ಮೇಲೆ ಆಡಿ ಬೆಳೆದವಳಿಗೆ ಎಷ್ಟು ತಿಳಿದೀತು. ಆಮೇಲೊಂದು ಬೆಳಿಗ್ಗೆ ಮೇಷ್ಟ್ರು ಸ್ನಾನ ಮಾಡಿ, ವಿಭೂತಿ ಧರಿಸಿ ಪೂಜೆಗೆ ಕೂತವರು ಅಂಗೈಯ ಮೇಲಿನ ಲಿಂಗವನ್ನು, ಬಸ್ಸಿನಲ್ಲಿ ಯಾರೋ ಬಿಟ್ಟುಹೋದದ್ದು ಕೈಗೆ ಸಿಕ್ಕಿದವರ ಹಾಗೆ, ಯಾರದ್ದಿರಬಹುದು ಎಂದು ಆ ಕಡೆ ಈ ಕಡೆ ನೋಡಿದರು. ಅವಳು ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವತ್ತು ತಿಳಿಯಿತು. ಅವತ್ತಿನ ಮಧ್ಯಾಹ್ನವೂ ಅವರು ಓದಿ, ಅಂದರೆ ಎಂದು ಏನೋ ಹೇಳಿ, ಅವಳ ಮುಖ ನೋಡಿದಾಗ ಅವಳು ತಲೆ ತಗ್ಗಿಸಿ, ಬೆರಳು ನಿಲ್ಲಿಸದೆ, ಮಾತಿನ ತುದಿಯನ್ನು ಮೆಲ್ಲಗೆ ಕೆಳಗಿಟ್ಟು ತಿಳೀತು ಅಂದಳು. ಎಳೆ ಮಗು ಕೊಟ್ಟ ಮಣ್ಣಿನ ಮುದ್ದೆಯನ್ನು ಉಂಡ ಹಾಗೆ ಮಾಡುತ್ತೇವಲ್ಲ, ಹಾಗೆ. ಮೇಷ್ಟ್ರು ಹಿಗ್ಗಿ ಬರೆದುಕೊಂಡರು. ಆಮೇಲೆ ದಿನಾ ಅದೇ. ಅದಕ್ಕೂ ಮುಂಚೆ, ಬುದ್ಧಿ ಸರಿಯಿದ್ದ ಕಾಲದಲ್ಲಿ, ಹಾಲು ಉಕ್ಕುತ್ತದೆ ಅಂತಲೋ ಸೊಂಟ ನೋಯುತ್ತದೆ ಅಂತಲೋ ತಿಳಿಯದೆಯೂ ತಿಳೀತು ಅಂದು ಎದ್ದುಹೋದ ದಿನಗಳು ಎಷ್ಟಿದ್ದವೋ. ಅಂಥ ವಾಕ್ಯಗಳನ್ನೂ ಪರ್ವತಯ್ಯ ಚಿನ್ನ ಅಂದನೇ?

ಒಂದು ಮಾತನ್ನು ಅವಳು ಪರ್ವತಯ್ಯನಿಗೆ ಹೇಳಿರಲಿಲ್ಲ. ಊರಿನ ಸ್ಕೂಲಿನಲ್ಲಿ ಸಂಜೆ ಹೊತ್ತು ಹೆಂಗಸರಿಗೆ ಅಕ್ಷರದ ಕ್ಲಾಸು ಶುರುವಾದಾಗ ತಾನೂ ಹೋಗುತ್ತೇನೆ ಎಂದು ಕೇಳಿದ್ದಳು. ಎಷ್ಟೋ ವರ್ಷ ಒಳಗೇ ಇಟ್ಟುಕೊಂಡದ್ದನ್ನು ಬಾಯಿಬಿಟ್ಟು ಕೇಳಿದ್ದು. ಮೇಷ್ಟ್ರು ನಕ್ಕುಬಿಟ್ಟರು. ನೀನು ಓದು ಕಲಿತರೆ ನಾನು ಯಾರ ಹತ್ತಿರ ಹೋಗಲೇ, ಒರೆಗಲ್ಲಿಗೆ ಯಾರಾದರೂ ಚಿನ್ನದ ಮುಲಾಮು ಹಾಕಿಸುತ್ತಾರೆಯೇ, ಅಂದರು. ನಗುನಗುತ್ತಲೇ ಅಂದದ್ದು. ಅವಳೂ ನಕ್ಕಿದ್ದಳು. ಲಿಂಗದ ಬೆಳಿಗ್ಗೆ ಆದ ಮೇಲೆ, ಮಠಕ್ಕೆ ಹೋಗಿಬರುತ್ತೇನೆ ಎಂದು ಹೇಳಿ ಕ್ಲಾಸಿಗೆ ಹೋಗತೊಡಗಿದಳು. ಹಿಂದಿನ ಸಾಲಿನಲ್ಲಿ ಮೊಸರು ಮಾರುವ ಗೊಲ್ಲರ ಹೊನ್ನಕ್ಕನ ಪಕ್ಕ. “ಮೇಷ್ಟ್ರು ಎಂಡ್ರು ಅಕ್ಸರ ಕಲಿಯಕ್ಕೆ ಬರದು, ಗಾಣಿಗರ ಮನೇಲಿ ತಲೆಗೆ ಎಣ್ಣೆ ಇಲ್ದಂಗೆ ಕಣಕ್ಕಾ,” ಎಂದು ಹೊನ್ನಕ್ಕ ಸ್ಲೇಟು ಒರೆಸುತ್ತ ಅಂದದ್ದಕ್ಕೆ ಕ್ಲಾಸೆಲ್ಲ ನಕ್ಕಿತ್ತು. ಹೀಗೆ ಅಕ್ಷರ ಬಂತು. ಬಂದದ್ದರಿಂದಲೇ ಟಪ್ಪಾಲಿಗೆ ಕೊಡುವ ಮುಂಚೆ ಹಾಳೆಗಳನ್ನು ತಿರುವಿಹಾಕಿದ್ದಳು. ಹೊನ್ನಕ್ಕನ ಮೊಸರನ್ನೂ ನೋಡಿದ್ದಳು. ನೋಡಿಯೂ ಬಟ್ಟೆ ಸುತ್ತಿ, ದಾರ ಕಟ್ಟಿ, ಕೊಟ್ಟು ಬಂದಿದ್ದಳು. ಕನಿಕರದಿಂದ ಕೊಟ್ಟೆನೇ? ಅಥವಾ ನೋಡಲಿ, ಒರೆಗಲ್ಲಿನ ಬಂಡವಾಳ ಮೈಸೂರಿನವರೂ ನೋಡಲಿ ಅನ್ನುವ ಹೊಟ್ಟೆಯುರಿ ಎಲ್ಲೋ ತಳದಲ್ಲಿ ಇತ್ತೇ? ಇಲ್ಲ ಅಂದುಕೊಂಡಳು. ಇಲ್ಲ ಅಂದುಕೊಂಡಷ್ಟು ಸಲವೂ ಬೆರಳಿಗೆ ಅದೊಂದು ಕಲ್ಲು ಸಿಗುತ್ತಿತ್ತು.

ಹೋಗುವ ಮುಂಚೆ ಪರ್ವತಯ್ಯ ಅವಳ ಕಾಲು ಮುಟ್ಟಿ, ಸೋಮವಾರ ಬರಗೊಡಬೇಡಿ ಅಂದಿದ್ದ. ಅವರ ಮುಂದೆ ಮೇಷ್ಟ್ರು ನಿಂತು ಓದೋದು ನಾನು ನೋಡಲಾರೆ. ಅವರು ಯಾರ ಮಾತೂ ಕೇಳೋಲ್ಲ, ನೀವು ತಿಳೀಲಿಲ್ಲ ಅಂದರೆ ಕೇಳ್ತಾರೆ. ಅಷ್ಟು ಅಂದುಬಿಡಿ, ಸಾಕು. ಅವಳು ಕಟ್ಟನ್ನು ಅಟ್ಟದ ಮೇಲಿನ ರಾಗಿಯ ವಾಡೆಯ ಹಿಂದೆ ಇಟ್ಟು ಬಂದಿದ್ದಳು.

ಮೇಷ್ಟ್ರು ಈಚೆಗೆ ಬಂದರು. ತೊಳೆದೂ ತೊಳೆದೂ ಕೈ ಬೆಳ್ಳಗಾಗಿತ್ತು. ಬೆಂಚಿನ ಮೇಲೆ ಕೂತು ಪುಸ್ತಕ ತೊಡೆಯ ಮೇಲಿಟ್ಟುಕೊಂಡರು. ಅದು ತೆರೆದುಕೊಳ್ಳುವ ಜಾಗಕ್ಕೆ ತಾನೇ ತೆರೆದುಕೊಂಡಿತು. ಗಂಟಲು ಸರಿಮಾಡಿಕೊಂಡು ಓದಿದರು. ಓದುವ ದನಿ ಮಾತ್ರ ಒಂದು ಕೂದಲಷ್ಟೂ ಬದಲಾಗಿರಲಿಲ್ಲ. ಕಣ್ಣು ಮುಚ್ಚಿದರೆ ಪಾವಗಡ. ಆ ತಮಟೆಯ ನಡುವೆ ಅವಳಿಗೆ ಗುರುತಿದ್ದ ಮಾತೊಂದು ಹಾದುಹೋಯಿತು. ಅದರ್ ಥಿಂಗ್ಸ್ ಬೀಯಿಂಗ್ ಈಕ್ವಲ್. ದೇವರೇ, ಇದೊಂದಾದರೂ ಇವರಿಗೆ ಸಿಗಲಿ ಅಂದುಕೊಂಡಳು.

“ಅಂದರೆ,” ಎಂದು ಮೇಷ್ಟ್ರು ಕನ್ನಡಕ ಹಣೆಗೇರಿಸಿದರು. “ಅಂದರೆ, ಬೇರೆಯವರ ಸಾಮಾನೆಲ್ಲ ಸಮನಾಗಿ ಇಳಿಸಿಬಿಡಬೇಕು. ಬಸ್ಸು ಹೊರಡೋ ಮುಂಚೆ.”

ಅವಳ ಮುಖ ನೋಡಿದರು. ಬಾಯಿಯ ತುದಿಗೆ ಬಂದದ್ದನ್ನು ನುಂಗಿಕೊಂಡು ಚನ್ನಮಲ್ಲಮ್ಮ ಮೊರ ಕೆಳಗಿಟ್ಟಳು.

“ತಿಳೀಲಿಲ್ಲ.”

ಅವರ ಮುಖ ಕುಗ್ಗುತ್ತದೆ ಎಂದು ಹೆದರಿದ್ದಳು. ಕುಗ್ಗಲಿಲ್ಲ. ಎಲ್ಲಿಂದಲೋ ಬೆಳಕು ಬಿದ್ದ ಹಾಗೆ ಅರಳಿತು. ಭೇಷ್ ಅಂದರು. ಕಾಲು ಮಡಿಸಿ ಕೂತು, ಅಂಗಿಯ ತೋಳು ಮೇಲೆ ಸರಿಸಿ, ಮತ್ತೊಮ್ಮೆ ಓದಿದರು. ಎಷ್ಟು ಕಾಲವಾಗಿತ್ತು ಅವಳು ತಲೆ ಅಲ್ಲಾಡಿಸಿ. ಅವರಿಗೆ ಬೇಕಾಗಿದ್ದದ್ದು ಇದೇ. ಸುಳ್ಳು ತಿಳುವಳಿಕೆಯ ಮೆತ್ತೆ ಹಾಸಿ ಹಾಸಿ ತಾನೇ ಅವರನ್ನು ಮಲಗಿಸಿಬಿಟ್ಟೆನೇನೋ ಅನ್ನಿಸಿತು ಅವಳಿಗೆ. ಎರಡನೆಯ ಅಂದರೆ ಬಂತು, ಅದರಲ್ಲಿ ಸಾಹೇಬರು ಬಂದರು. ತಿಳೀಲಿಲ್ಲ. ಇನ್ನೊಂದು ಅಂದರೆ ಬಂತು, ಅದು ಅರ್ಧಕ್ಕೇ ನಿಂತಿತು. ಹಣೆಯ ವಿಭೂತಿಯ ಮೇಲೆ ಬೆವರು ಗೆರೆ ಕೊರೆದು ಇಳಿಯುತ್ತಿತ್ತು. ಅಂದರೆ, ಎಂದರು ಮೇಷ್ಟ್ರು. ಅಂದರೆ. ಅದರ ಮುಂದಕ್ಕೆ ಏನೂ ಇರಲಿಲ್ಲ, ಸೇದುವ ಹಗ್ಗ ಬರಿದೇ ಮೇಲೆ ಬಂದ ಹಾಗೆ. ಅವಳಿಗೆ ತಡೆಯಲಾಗಲಿಲ್ಲ.

“ಒಲೆ ಅದೇ, ಸೌದೆ ಅದೇ, ನೀರೂ ಅದೇ,” ಅಂದಳು. “ಹಿಟ್ಟೊಂದು ಹೊಸದು. ನೀವೇ ಯೋಳಿದ್ರಲ್ಲ, ಪಾವಗಡದಾಗೆ. ಮಿಕ್ಕದ್ದೆಲ್ಲ ಇದ್ದಂಗೇ ಇದ್ರೆ ಅಂತ.”

ಮೇಷ್ಟ್ರು ಮರ್ಯಾದೆಯಿಂದ ಕೇಳಿಸಿಕೊಂಡರು. ಅವರಿಗೆ ಆ ಒಲೆಯೂ ಕಾಣಲಿಲ್ಲ, ಆ ಮುದ್ದೆಯೂ. ಇನ್ನು ಹೇಳಿಬಿಡಬೇಕು ಎಂದು ಅವಳು ಉಸಿರು ಹಿಡಿದು, ಈ ಪುಸ್ತಕ ಬ್ಯಾಡ ಬುಡಿ, ಮೈಸೂರಿಗೂ ಓಗದು ಬ್ಯಾಡ, ನಂಗೆ ಒಂದೂ ತಿಳೀವಲ್ದು, ಅಂದಳು. ಅವರು ಪುಸ್ತಕವನ್ನು ನಿಧಾನವಾಗಿ ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡರು.

“ಆಗಲಿ. ನೀವು ಹೇಳೋದು ಸರಿ ಇರಬಹುದು,” ಅಂದರು. “ಆದರೂ ನಮ್ಮ ಚನ್ನೀನ ಒಂದು ಮಾತು ಕೇಳಿಬಿಡ್ತೀನಿ. ಅವಳಿಗೆ ತಿಳಿದರೆ ಎಲ್ಲರಿಗೂ ತಿಳಿದ ಹಾಗೆ.”

ಲಗ್ನವಾದಾಗಿನಿಂದ ಅವಳನ್ನು ಅವರು ನೀವು ಅಂದದ್ದಿಲ್ಲ. ಅದು ಮೊದಲು ಕಿವಿಗೆ ಬಿತ್ತು. ಉಳಿದದ್ದು ಆಮೇಲೆ, ಒಂದೊಂದಾಗಿ ಬಂದು ಕೂತಿತು. ಬೀದಿಯಲ್ಲಿ ಯಾರದೋ ಎತ್ತಿನ ಗಾಡಿ ಹೋಯಿತು. ಬೆಟ್ಟ ಇದ್ದಲ್ಲೇ ಇತ್ತು, ಬೆಂಚು ಇದ್ದಲ್ಲೇ ಇತ್ತು, ಅವಳ ತೊಡೆಯ ಮುಂದೆ ಹುರುಳಿಯ ಮೊರ ಇತ್ತು.

“ನಾನೇ ಚನ್ನಿ,” ಅಂದಳು.

“ಚನ್ನಿ,” ಎಂದರು ಮೇಷ್ಟ್ರು. ಕನ್ನಡಕ ಹಣೆಯ ಮೇಲೇ ಇತ್ತು. ಆ ಬರಿಗಣ್ಣಲ್ಲಿ ಅವಳನ್ನು ನೋಡುತ್ತ, ಕಷ್ಟದ ಮಾತೊಂದರ ಮುಂದೆ ನಿಲ್ಲುತ್ತಿದ್ದ ಹಾಗೇ ನಿಂತು, “ಅಂದರೆ?” ಎಂದು ಕೇಳಿದರು.

ಅವಳಿಗೆ ಗೊತ್ತಿದ್ದ ವಿದ್ಯೆ ಅದೊಂದೇ; ಅದನ್ನು ಅವರೇ ಕಲಿಸಿದ್ದು. ದೂರದ ಮಾತು ತರಬಾರದು, ಮನೆಯೊಳಗಿನ ಮಾತಲ್ಲೇ ಹೇಳಬೇಕು. ತಿಳಿಯದಿದ್ದರೆ ಇನ್ನೊಂದು ಕಡೆಯಿಂದ ಹೇಳಬೇಕು. ಚನ್ನಿ ಅಂದರೆ ಕಳ್ಳಂಬೆಳ್ಳದ ಮಠದಯ್ಯನೋರ ಮಗಳು, ಅಂದಳು. ಅವರು ಕಾದರು. ಚನ್ನಿ ಅಂದರೆ ಪಾವಗಡದಲ್ಲಿ ಅಂಟುಮುದ್ದೆ ಕಟ್ಟಿ ಹಾಕಿದವಳು, ನೀವು ಇನ್ನೊಂದು ಹಾಕಿಸಿಕೊಂಡು ಉಂಡಿರಿ. ಚನ್ನಿ ಅಂದರೆ ದಿನಾ ಉಂಡ ಮೇಲೆ ಇಲ್ಲಿ ಕೂತು ಕಾಳು ಆರಿಸುವವಳು. ನೀವು ಓದುವಿರಿ, ಅವಳು ಕೇಳುವಳು. ಓದು ಕಲಿಯುತ್ತೇನೆ ಅಂದಳು, ನೀವು ಬೇಡ ಅಂದಿರಿ. ಅವಳು ಕದ್ದು ಕಲಿತಳು. ಅದನ್ನೂ ಹೇಳಿಬಿಟ್ಟಳು. ತಿಳಿಯದೆ ತಿಳೀತು ಅಂದವಳು, ಅಂದಳು. ನಿಮಗೆ ಬೇಜಾರಾಗುತ್ತದೆ ಅಂತ. ಅಷ್ಟು ಹೊತ್ತಿಗೆ ಅವಳ ಕಣ್ಣು ತುಂಬಿ, ಎದುರಿಗಿದ್ದ ಮುಖ ಕಲಸಿಹೋಗಿತ್ತು. ಸೆರಗಿನಿಂದ ಒರೆಸಿಕೊಂಡು ನೋಡಿದಳು.

ಮೇಷ್ಟ್ರು ಅವಳ ಅಳುವನ್ನೇ ನೋಡುತ್ತಿದ್ದರು. ಯಾರೋ ಪರಸ್ಥಳದ ಹೆಂಗಸು ತಮ್ಮ ಪಡಸಾಲೆಯಲ್ಲಿ ಕೂತು ಇಷ್ಟು ದುಃಖ ತೋಡಿಕೊಂಡದ್ದಕ್ಕೆ ಏನು ಮಾಡಬೇಕೋ ತೋಚದ ಒಳ್ಳೆಯ ಮನುಷ್ಯನ ಸಂಕೋಚ ಆ ಮುಖದಲ್ಲಿತ್ತು. ಅವರು ತಲೆ ತಗ್ಗಿಸಿದರು. ಪುಸ್ತಕದ ಅಂಚನ್ನು ಸವರುತ್ತಿದ್ದ ಬೆರಳು ನಿಲ್ಲಿಸದೆ, ಮಾತಿನ ತುದಿಯನ್ನು ಮೆಲ್ಲಗೆ ಕೆಳಗಿಟ್ಟು ಹೇಳಿದರು:

“ತಿಳೀತು.”

ತಾನೇ ದಿನಾ ಆಡಿದ ಆ ದನಿಯನ್ನು ಚನ್ನಮಲ್ಲಮ್ಮ ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು. ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು.